ನೀರಜಾಳ ಪಾಯಿಂಟ್

ನೀರಜಾ ಒದ್ದ ಚೆಂಡು ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಹಾರಿಹೋಯಿತು. ಈ ಐರಿಷ್ ಆಟದಲ್ಲಿ ಹಾಗೆ ಹೋದರೆ ಒಂದು ಪಾಯಿಂಟ್. ಗೋಲಿನ ಪಕ್ಕ ಅಂಪೈರ್ ಆಗಿ ನಿಂತಿದ್ದ ಅವಳ ಗಂಡ ಉಮಾಕಾಂತ ಪಾಯಿಂಟ್ ಎಂದು ಬಿಳಿ ಬಾವುಟ ಎತ್ತಿದ. ಆ ಒಂದೇ ಪಾಯಿಂಟಿನಿಂದ ಸ್ವೀಡನ್ನಿನ ಮೋಲ್ನ್‌ಡಾಲ್‌ನ ಹುಡುಗಿಯರು ಗೇಲಿಕ್ ಫುಟ್‌ಬಾಲ್ ಫೈನಲ್ ಗೆದ್ದರು.

ಬೆಂಬಲಿಗರು ಮೈದಾನಕ್ಕೆ ನುಗ್ಗಿದರು. ಆದರೆ ಅವರೆಲ್ಲ ಹೋಗಿ ತಬ್ಬಿಕೊಂಡದ್ದು ಉಮಾಕಾಂತನನ್ನು! ಅವರಲ್ಲೊಬ್ಬ, ಮಂಗಳೂರಿನ ವಲೇರಿಯನ್, ಫೀಕಾಗೆಂದು, ಅಂದರೆ ಅಲ್ಲಿನವರ ಕಾಫಿ ವಿರಾಮಕ್ಕೆಂದು, ತಂದ ಕಾಫಿ ಚೆಲ್ಲಿಕೊಂಡೇ ಓಡಿ ಬಂದ. "ಚೆಂಡು ಕಂಬದ ಹೊರಗೆ ಹೋಗಿದ್ದು ನಂಗೆ ಕಂಡಿತು ಮಾರಾಯ! ಹೆಂಡ್ತಿ ಮಾನ ಉಳಿಸಿಬಿಟ್ಟೆ."

ಉಮಾಕಾಂತ ಇಲ್ಲವೆನ್ನಲಿಲ್ಲ. ಬಾವುಟ ತಿರುಗಿಸುತ್ತಾ ಕಣ್ಣು ಮಿಟುಕಿಸಿದ.

ನೀರಜಾಳಿಗೆ ಮೈಯೆಲ್ಲ ಉರಿದುಹೋಯಿತು. ಚಳಿಗಾಲವಿಡೀ ಹಿಮದಲ್ಲಿ ಒದ್ದೂ ಒದ್ದೂ ಕಲಿತ ಕಿಕ್ ಅದು. ಈಗ ಇವರ ಬಾಯಲ್ಲಿ ಗಂಡ ಕೊಟ್ಟ ಭಿಕ್ಷೆಯಾಗಿತ್ತು.

"ಚೆಂಡು ಒಳಗೇ ಹೋಯ್ತು ಅಂತ ಹೇಳು ಇವರಿಗೆ."

"ಬಿಡೇ, ಈಗ್ಯಾಕೆ ಅದೆಲ್ಲ? ಹೇಗೋ ಗೆದ್ವಲ್ಲ!"

ನೀರಜಾ ಅವನ ಕೈಯಿಂದ ಬಾವುಟ ಕಿತ್ತುಕೊಂಡಳು.

"ಗೆದ್ದಿದ್ದು ನಾವು. ನೀನು ಅಂಪೈರ್ ಅಲ್ವೇನೋ?"