ಮುಂದಿನ ಪಾಠ ಶೀಘ್ರದಲ್ಲೇ

ಬಸ್ಸು ಸೇತುವೆ ಹತ್ತುವಷ್ಟರಲ್ಲಿ ಆ್ಯಪ್ ಮತ್ತೆ ಅಪ್‌ಡೇಟ್ ಆಗಿತ್ತು. ಟೀಚರ್ ಹಲ್ಲು ಕಚ್ಚಿಕೊಂಡು ತೆರೆದಳು. ಹೊಸ ಬಣ್ಣ, ಹೊಸ ಗಂಟೆಯ ಸದ್ದು. ಅಕ್ಷರದ ಕಾರ್ಡುಗಳು ಮಾತ್ರ ಹಳೆಯವೇ. ಮರ, ನದಿ, ಕುದುರೆ, ಹಕ್ಕಿ. ಕೊನೆಯ ಕಾರ್ಡಿನ ಕೆಳಗೆ ಅದೇ ಸಾಲು: ‘ಮುಂದಿನ ಪಾಠ ಶೀಘ್ರದಲ್ಲೇ.’

“ನಿನ್ನ ಶೀಘ್ರಕ್ಕೆ ಬೆಂಕಿ ಹಾಕ,” ಎಂದಳು ಗಟ್ಟಿಯಾಗಿ. ಪಕ್ಕದ ಸೀಟಿನವರು ಸ್ವಲ್ಪ ಸರಿದು ಕೂತರು.

ಸಂಜೆ ಜಪಾನಿ ಲಿಪಿ ಕಲಿಸುವವಳು ಅವಳು. ಅವಳಿಗೆ ಗೊತ್ತಿದ್ದ ಜಪಾನಿ ಎಷ್ಟೆಂದರೆ, ಆ ಆ್ಯಪಿನಲ್ಲಿ ಇರುವಷ್ಟು. ಒಂದು ಅಕ್ಷರ ಹೆಚ್ಚಿಲ್ಲ.

ಮೊದಲು ಅದೇ ಭಾಷಾ ಕೇಂದ್ರದ ರಿಸೆಪ್ಷನ್ನಿನಲ್ಲಿ ಕೂರುತ್ತಿದ್ದಳು. ಫೀಸು ಕೇಳುವವರಿಗೆ ಉತ್ತರ ಕೊಡುತ್ತ, ಬಿಡುವಿನಲ್ಲಿ ಹೊತ್ತು ಹೋಗಲೆಂದು ಫೋನಿನಲ್ಲಿ ಈ ಕಾರ್ಡುಗಳನ್ನು ತಿರುಗಿಸುತ್ತ. ಹಳೆಯ ಟೀಚರ್ ಹೇಳದೆ ಕೇಳದೆ ಕೆಲಸ ಬಿಟ್ಟ ದಿನ ಕೇಂದ್ರದ ಯಜಮಾನರು ತಲೆ ಮೇಲೆ ಕೈ ಹೊತ್ತು ಬಂದಿದ್ದರು. “ಇಲ್ಲಿ ಯಾರಿಗಾದ್ರೂ ಜಪಾನಿ ಬರುತ್ತೇನಮ್ಮಾ?” “ಸ್ವಲ್ಪ ಬರುತ್ತೆ ಸರ್,” ಎಂದಳು. ಆ ‘ಸ್ವಲ್ಪ’ವನ್ನು ಅವರು ವಿನಯ ಎಂದುಕೊಂಡರು.

ಅಂದಿನಿಂದ ಅವಳ ಪದ್ಧತಿ ಒಂದೇ. ಬೆಳಗ್ಗೆ ಬಸ್ಸಿನಲ್ಲಿ ಒಂದು ಪಾಠ ನುಂಗುವುದು, ಸಂಜೆ ತರಗತಿಯಲ್ಲಿ ಬಡಿಸುವುದು. ಜನ ‘ರಿಸೆಪ್ಷನ್’ ಎಂದು ಕರೆಯುತ್ತಿದ್ದವಳನ್ನು ಈಗ ‘ಮೇಡಂ’ ಎನ್ನುತ್ತಿದ್ದರು. ಆ ಒಂದು ಪದಕ್ಕಾಗಿ ಅವಳು ಏನು ಮಾಡಲೂ ತಯಾರಿದ್ದಳು.

“ಪುಸ್ತಕ ಓದಿ ಕಲೀಬಾರ್ದೇನೇ?” ಎಂದು ಅಕ್ಕ ಕೇಳಿದ್ದಳು, ಬಟ್ಟೆ ಮಡಿಸುತ್ತ. “ಯಾರೋ ಎಲ್ಲೋ ಮಾಡಿದ ಆ್ಯಪ್ ನಂಬ್ಕೊಂಡು ಕೂತಿದೀಯಲ್ಲ.”

“ಪುಸ್ತಕ ತಲೆಗೆ ಹತ್ತಲ್ಲ ಅಕ್ಕ. ಇದು ನಂಗೇ ಪಾಠ ಹೇಳಿದ ಹಾಗಿರುತ್ತೆ. ಮಾಡಿದೋನು ಆ ಭಾಷೇನ ಅರೆದು ಕುಡಿದಿರ್ತಾನೆ.”

ಅವಳ ನಂಬಿಕೆಗೆ ಕಾರಣವಿತ್ತು. ಒಂದು ಸಂಜೆ, ಕುದುರೆಯ ಅಕ್ಷರದ ಕೆಳಗಿನ ನಾಲ್ಕು ಚುಕ್ಕಿಗಳು ನಾಲ್ಕು ಕಾಲು ಎಂದು ಆ್ಯಪ್ ಹೇಳಿದ್ದನ್ನೇ ಹೇಳಿದಳು. ಕಿಟಕಿ ಪಕ್ಕದ ಬೆಂಚಿನವನು ಕೈ ಎತ್ತಿದ. “ಹಕ್ಕಿ ಅಕ್ಷರಕ್ಕೂ ನಾಲ್ಕು ಚುಕ್ಕಿ ಇದೆಯಲ್ಲ ಮೇಡಂ. ಹಕ್ಕಿಗೆ ಎರಡೇ ಕಾಲಲ್ವಾ?”

ಆ್ಯಪ್ ಅದರ ಬಗ್ಗೆ ಏನೂ ಹೇಳಿರಲಿಲ್ಲ. “ಎರಡು ಕಾಲು, ಎರಡು ನೆರಳು,” ಎಂದುಬಿಟ್ಟಳು, ಬಾಯಿಗೆ ಬಂದದ್ದನ್ನು. ಆಮೇಲೆ ರಾತ್ರಿಯಿಡೀ ನಾಚಿಕೆಯಿಂದ ಹೊರಳಾಡಿದಳು. ಮರುದಿನದ ಅಪ್‌ಡೇಟಿನಲ್ಲಿ ಹಕ್ಕಿಯ ಕಾರ್ಡಿನ ಕೆಳಗೆ ಹೊಸ ವಿವರಣೆ ಬಂದಿತ್ತು: ‘ಎರಡು ಕಾಲು, ಎರಡು ನೆರಳು.’ ತನ್ನ ನಾಲಗೆಯ ಮೇಲೆ ಮಚ್ಚೆ ಇರಬೇಕು ಎಂದುಕೊಂಡಳು. ಬಸ್ಸಿನಲ್ಲೇ ಕುಣಿಯುವಷ್ಟು ಖುಷಿಯಾಗಿತ್ತು.

ಆ ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಹಕ್ಕಿಯ ನಂತರ ಹೊಸ ಪಾಠವೇ ಬರಲಿಲ್ಲ. ಅಪ್‌ಡೇಟುಗಳು ಮಾತ್ರ ಬರುತ್ತಲೇ ಇದ್ದವು. ಬಟನ್ನು ಎಡದಿಂದ ಬಲಕ್ಕೆ ಹೋಯಿತು. ಬಲದಿಂದ ಎಡಕ್ಕೆ ಬಂತು. ಅಕ್ಷರ ದಪ್ಪವಾಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಅವಳು ತರಗತಿಯಲ್ಲಿ ಹಳೆಯದನ್ನೇ ತಿರುವಿ ಹಾಕಿದಳು. “ಕೈ ಕುದುರಬೇಕು, ಇನ್ನೊಂದು ಸಲ ಬರೀರಿ,” ಎಂದಳು. ಮರುದಿನವೂ ಅದನ್ನೇ ಅಂದಳು. ವಿದ್ಯಾರ್ಥಿಗಳು ಗೊಣಗತೊಡಗಿದರು.

ಎಲ್ಲರಿಗಿಂತ ಹೆಚ್ಚು ಗೊಣಗಿದವನು ಕಿಟಕಿ ಪಕ್ಕದವನೇ. “ಮುಂದಿನ ಪಾಠ ಯಾವಾಗ ಮೇಡಂ?” ದಿನವೂ ಅದೇ ರಾಗ. ಅವನನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಹಳೆಯ ಟೀಚರ್ ಕಾಲದಿಂದಲೂ ಅವನು ಅದೇ ಬೆಂಚಿನಲ್ಲಿದ್ದ. ಅದೇ ಕೋರ್ಸಿಗೆ ಮತ್ತೆ ಸೇರಿದ್ದ. ಅವಳು ಕೆಮ್ಮಿದರೂ ಬರೆದುಕೊಳ್ಳುತ್ತಿದ್ದ. ಕಲಿತದ್ದನ್ನೇ ಮತ್ತೆ ಕಲಿಯಲು ಯಾರು ಬರುತ್ತಾರೆ? ಯಜಮಾನರು ತನ್ನ ಮೇಲೆ ಬಿಟ್ಟ ಗೂಢಚಾರನೇ ಇವನು ಎಂದು ಅವಳು ತೀರ್ಮಾನಿಸಿದ್ದಳು.

ಬಸ್ಸಿನಲ್ಲಿ ಬೈದ ಆ ದಿನದ ಸಂಜೆ ಯಜಮಾನರು ಮೆಟ್ಟಿಲ ಬಳಿಯೇ ತಡೆದರು. “ಏನಮ್ಮಾ, ನಿಮ್ಮ ಹಕ್ಕಿ ಹಾರೋದೇ ಇಲ್ವಾ? ಇವತ್ತು ಹೊಸ ಪಾಠ ಶುರುವಾಗ್ಲಿಲ್ಲ ಅಂದ್ರೆ ನಾಳೆಯಿಂದ ಬೇರೆ ಟೀಚರ್ ಬರ್ತಾರೆ. ರಿಸೆಪ್ಷನ್ನು ಹೇಗೂ ಖಾಲಿ ಇದೆ.”

ಕಿಟಕಿ ಪಕ್ಕದವನೇ ಚಾಡಿ ಹೇಳಿದ್ದಾನೆ, ಅನುಮಾನವೇ ಇಲ್ಲ. ತರಗತಿಗೆ ಹೋಗಿ ಹಕ್ಕಿಯನ್ನು ಮತ್ತೆ ಬರೆಯಲು ಹೇಳಿದಳು. ಎಲ್ಲರ ತಲೆ ತಗ್ಗಿದಾಗ ಮೇಜಿನ ಕೆಳಗೆ ಫೋನು ಹಿಡಿದು ಆ್ಯಪಿನವರಿಗೆ ಬರೆದಳು. ‘ನಿಮ್ಮ ಬಣ್ಣ ಯಾರಿಗೆ ಬೇಕು? ಮುಂದಿನ ಪಾಠ ಹಾಕಿ. ಇವತ್ತು ಹಾಕದಿದ್ದರೆ ನನ್ನ ಕೆಲಸ ಹೋಗುತ್ತದೆ.’ ಕಳಿಸಿದಳು.

ಕಿಟಕಿಯ ಪಕ್ಕ ಒಂದು ಫೋನು ಗುಂಯ್ ಎಂದಿತು.

“ಕ್ಲಾಸಲ್ಲಿ ಫೋನು ಆಫ್ ಇರಬೇಕು ಅಂತ ಎಷ್ಟು ಸಲ ಹೇಳೋದು?” ಎಂದು ಸಿಡುಕಿದಳು. ಇಷ್ಟು ದಿನದ ಸಿಟ್ಟೆಲ್ಲ ಆ ಮಾತಿನಲ್ಲಿತ್ತು.

ಅವನು ಗಡಬಡಿಸಿ ಫೋನು ನೋಡಿದ. ಮುಖ ಸಣ್ಣದಾಯಿತು. ಎದ್ದು ನಿಂತ.

“ಸಾರಿ ಮೇಡಂ. ಇವತ್ತಾದ್ರೂ ಮುಂದಿನ ಪಾಠ ಶುರು ಮಾಡಿ, ಪ್ಲೀಸ್. ಇಲ್ಲಿ ಹೇಳಿಕೊಟ್ಟಿದ್ದನ್ನೇ ನಾನೊಂದು ಆ್ಯಪಿಗೆ ಹಾಕ್ತೀನಿ, ಪಾಪ ಯಾರೋ ಅದನ್ನೇ ನಂಬ್ಕೊಂಡು ಕೂತಿದಾರೆ.”