ಬಾಡಿಗೆಗಿದೆ, ಬೆಳಕು ಸಮೇತ

ಬೀಗದ ಕೈ ಕೈಯಲ್ಲೇ ಇದ್ದರೂ ಪರದೆ ಹೊಲಿಯುವವಳು ಬಾಗಿಲು ತಟ್ಟಿ, ಯಾರಾದರೂ ತೆರೆಯಲೆಂದು ಕಾದು ನಿಂತಳು. ಜನ್ಮವೆಲ್ಲ ಕಂಡವರ ಮನೆಯ ಕಿಟಕಿ ಅಳೆದವಳು, ಅಭ್ಯಾಸಬಲ. ಈಗಲೂ ಹೆಗಲಲ್ಲಿ ಫೋಟೊ ಸ್ಟುಡಿಯೊಗೆ ತಲುಪಿಸಬೇಕಿದ್ದ ಪರದೆಯ ಚೀಲವಿತ್ತು.

"ಒಳಗೆ ಯಾರಿದಾರೆ ಅಂತ ತಟ್ತೀಯೆ? ನಿಂದೇ ಮನೆ ಕಣೇ!" ಎಂದು ಅಕ್ಕ ನಕ್ಕಳು.

ನಿಜ, ತನ್ನದೇ! ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕೂಡಿಟ್ಟದ್ದನ್ನೆಲ್ಲ ಸುರಿದು, ಮಿಕ್ಕದ್ದಕ್ಕೆ ಬ್ಯಾಂಕಿನ ಮುಂದೆ ಕೈಯೊಡ್ಡಿ, ಬಾಡಿಗೆಗೆ ಕೊಡಲೆಂದೇ ಕೊಂಡ ಮೊದಲ ಮನೆ. ಬಾಡಿಗೆ ಬಂದರೆ ಸಾಲದ ಕಂತು ತಾನಾಗಿ ತೀರುತ್ತದೆ. ಬಾರದಿದ್ದರೆ ಮನೆಯನ್ನೇ ಮಾರಬೇಕಾದೀತು. ಇದುವರೆಗೆ ನೋಡಿದವರೆಲ್ಲ ಅಡುಗೆಮನೆ ಇಕ್ಕಟ್ಟೆಂದು ಮೂಗು ಮುರಿದು ಹೋಗಿದ್ದರು. ಅವಳಾದರೂ ಏನು ಕಂಡು ಕೊಂಡಿದ್ದಳು? ಮಲಗುವ ಕೋಣೆಯ ಪೂರ್ವದ ಕಿಟಕಿ, ಗೋಡೆಯಷ್ಟೇ ಅಗಲ. ಅದನ್ನು ನೋಡಿದ ಮೇಲೆ ಬೇರೇನನ್ನೂ ಅವಳು ನೋಡಿರಲಿಲ್ಲ.

"ಬಾಡಿಗೆಗೆ ಅಂತ ಕೊಳ್ಳೋವಾಗ ನಲ್ಲಿ ನೋಡ್ಬೇಕು, ಬಸ್‌ಸ್ಟಾಪು ನೋಡ್ಬೇಕು. ನೀನು ಕಿಟಕಿಗೆ ಮರುಳಾದೆ," ಎಂದಳು ಎರಡು ಮನೆ ಬಾಡಿಗೆಗೆ ಕೊಟ್ಟು ಪಳಗಿದ್ದ ಅಕ್ಕ. "ಹೆತ್ತೋರಿಗೆ ಹೆಗ್ಗಣ ಮುದ್ದು. ಹೋಗ್ಲಿ, ಇವತ್ತು ಬರೋರ ಮುಂದೆ ಬಾಯಿಗೆ ಬೀಗ ಹಾಕ್ಕೊಂಡಿರು."

ಬಂದವನು ಬೇಕರಿಯಲ್ಲಿ ಬ್ರೆಡ್ಡು ಸುಡುವವನು. ತೋಳಿಗೆ ಹಿಟ್ಟು ಮೆತ್ತಿತ್ತು, ಕಣ್ಣು ಕೆಂಪಾಗಿತ್ತು. ಅಡುಗೆಮನೆಗೆ ಇಣುಕಿ, "ಇಷ್ಟು ಸಾಕು, ನಾನು ಮನೇಲಿ ಒಲೆ ಹಚ್ಚೋನೇ ಅಲ್ಲ," ಎಂದ. ಅವಳಿಗೆ ಕುಣಿಯುವಂತಾಯಿತು. ಅಕ್ಕನ ಬುದ್ಧಿವಾದವನ್ನು ಗಾಳಿಗೆ ತೂರಿ, ಮಲಗುವ ಕೋಣೆಯ ಬಾಗಿಲನ್ನು ಪೂರ್ತಿ ತೆರೆದಳು.

"ನೋಡಿ ಅಣ್ಣ! ಬೆಳಗಾಯ್ತು ಅಂದ್ರೆ ಸೂರ್ಯ ನೇರ ಹಾಸಿಗೆ ಮೇಲೇ!"

ಬಿಸಿಲು ಕೋಣೆಯ ತುಂಬ ಚೆಲ್ಲಾಡಿತ್ತು. ಅವನು ಕಣ್ಣಿಗೆ ಕೈ ಅಡ್ಡ ಹಿಡಿದು ಹಿಂದೆ ಸರಿದ.

"ಅಯ್ಯೋ ತಾಯಿ, ರಾತ್ರಿಯೆಲ್ಲ ಬೆಂಕಿ ಮುಂದೆ ನಿಂತಿರ್ತೀನಿ. ನಾನು ಮಲಗೋದೇ ಬೆಳಗಾದ್ಮೇಲೆ. ಇದು ನಂಗಾಗಲ್ಲ ಬಿಡಿ." ಮಾತು ಮುಗಿಯುವ ಮೊದಲೇ ಹೊರಬಾಗಿಲ ಕಡೆ ತಿರುಗಿದ್ದ.

ಅಕ್ಕ ಹಣೆ ಚಚ್ಚಿಕೊಂಡಳು. ತಂಗಿಗೆ ನಂಬಲಾಗಲಿಲ್ಲ. ಆ ಕಿಟಕಿಯನ್ನೂ ಬೇಡವೆನ್ನುವವರು ಇದ್ದಾರೆಯೇ? ಸಿಟ್ಟು ಬಂತು, ಅಳುವೂ ಬಂತು. ಆದರೆ ಇಲ್ಲಿ ಮಲಗುವವನು ಅವನು, ತಾನಲ್ಲವಲ್ಲ! ಹಾಗೆಂದುಕೊಂಡದ್ದೇ ತಡ, ಹೆಗಲ ಚೀಲ ನೆನಪಾಯಿತು.

"ಒಂದೇ ನಿಮಿಷ ನಿಲ್ಲಿ ಅಣ್ಣ! ಅಕ್ಕಾ, ಬಾ, ಈ ತುದಿ ಹಿಡ್ಕೋ!"

ಸ್ಟುಡಿಯೊದ ದಪ್ಪ ಕಪ್ಪು ಪರದೆಯನ್ನು ಹಿಡಿದು ಇಬ್ಬರೂ ಕಿಟಕಿಯ ಕಟ್ಟೆ ಹತ್ತಿದರು. ತೋಳು ಚಾಚುವಷ್ಟೂ ಚಾಚಿ ಅದನ್ನು ಮೇಲಕ್ಕೆ ಎತ್ತಿ ಹಿಡಿದರು. ಅವಳ ಮುದ್ದಿನ ಬೆಳಕು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಆರಿಹೋಯಿತು. ಯಾರ ಮುಖವೂ ಕಾಣದು. ಚಾಚಿದ ತೋಳು ಇಳಿಸದೆ ಕಾದಳು.

ಕತ್ತಲೊಳಗಿಂದ ಅವನ ದನಿ ಬಂತು: "ಆಹಾ! ಈಗ ನೋಡಿ, ಎಂಥಾ ಮನೆ!"