ಅಕ್ಕನ ಮನೆಯ ರೂಟರ್

ತಂಗಿ ತನ್ನ ಮನೆಯಿಂದ ಎಂಟರ್ ಒತ್ತಿದ್ದೇ ತಡ, ಪರದೆ ನಿಂತಲ್ಲೇ ನಿಂತಿತು. ಆದೇಶದ ಒಂದು ತಪ್ಪು ಸಾಲಿಗೆ ಅಕ್ಕನ ಮನೆಯಲ್ಲಿದ್ದ ರೂಟರ್ ಬಾಗಿಲು ಹಾಕಿಕೊಂಡಿತ್ತು. ಅದರ ಮೂಲಕ ಬೆಸೆದಿದ್ದ, ಇಬ್ಬರೂ ಸೇರಿದ್ದ ಹವ್ಯಾಸಿ ಕೂಟದ ಇಪ್ಪತ್ತು ಹಳೇ ಕಾಲದ ಕಂಪ್ಯೂಟರುಗಳೂ ಅದರ ಜೊತೆಗೇ ಮೂಕವಾದವು. ಇನ್ನು ಅಲ್ಲಿರುವವರೇ ಸ್ವಿಚ್ ಆರಿಸಿ ಹಾಕಬೇಕು. ಅಕ್ಕನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಫೋನ್ ಎತ್ತಿ ಇಟ್ಟು, ಎತ್ತಿ ಇಟ್ಟು, ಕೊನೆಗೆ ನಂಬರ್ ಒತ್ತಿದಳು. ಮೊದಲ ರಿಂಗಿಗೇ ಅಕ್ಕನ ದನಿ ಕೇಳಿತು.

“ನಂದೂ ನಿಂತೋಯ್ತು. ನಿಂದೇ ಕೆಲಸ ಅಂತ ಗೊತ್ತಾಯ್ತು ಬಿಡು. ಸ್ವಿಚ್ ಆರಿಸಿ ಹಾಕ್ಲಾ?”

ತಂಗಿಗೆ ಆಗ ನೆನಪಾಯಿತು. ಇಂಥ ಎಡವಟ್ಟಿಗೆಂದೇ, ಹತ್ತು ನಿಮಿಷಕ್ಕೆ ತಾನಾಗಿಯೇ ಆರಿ ಮತ್ತೆ ಶುರುವಾಗುವಂತೆ ರೂಟರಿಗೆ ಮೊದಲೇ ಹೇಳಿಟ್ಟಿದ್ದಳು. ಗಡಿಯಾರ ನೋಡಿದಳು. ಇನ್ನೊಂದು ನಿಮಿಷ ಕಾದರೆ ಯಾರ ಹಂಗೂ ಬೇಕಿರಲಿಲ್ಲ.

“ಹಾಕಕ್ಕ,” ಅಂದಳು. “ಬೇಗ ಹಾಕು.”